ಬೆನ್ನು ತೊಳೆಯುವ ಕೈ

ಇದ್ದಲು ಗಣಿಯವರ ಮುಷ್ಕರ ಮುಗಿದು ನಲವತ್ತು ವರ್ಷವಾದ ಮೇಲೆ ಕಾರ್ಡಿಫ್ ನಗರದಿಂದ ಒಬ್ಬಳು ಹುಡುಗಿ ರೆಕಾರ್ಡರ್ ಹಿಡಿದುಕೊಂಡು ಕಣಿವೆಯ ಮನೆಮನೆಗೂ ಬಂದಳು. ಗಣಿ ಮುಚ್ಚಿ, ಅದರ ಮೇಲೆ ಹುಲ್ಲು ಬೆಳೆದು, ಹುಲ್ಲಿನ ಮೇಲೆ ಕುರಿ ಮೇಯುವ ಹೊತ್ತಿಗೆ ಇಂಥವರಿಗೆ ನೆನಪುಗಳ ಮೇಲೆ ಎಲ್ಲಿಲ್ಲದ ಪ್ರೀತಿ ಬರುತ್ತದೆ. ನೆಸ್ಟಾ ಅವಳಿಗೆ ಚಹಾ ಕೊಟ್ಟು ಕೇಳಿದ್ದಕ್ಕೆಲ್ಲ ಉತ್ತರ ಹೇಳಿದಳು. ಊರ ಹಾಲ್‌ನಲ್ಲಿ ಹೆಂಗಸರೆಲ್ಲ ಸೇರಿ ಆಲೂಗಡ್ಡೆ ಸುಲಿದು ಸುಲಿದು ಹೆಬ್ಬೆರಳು ಒಡೆದದ್ದು, ಯಾವುದೋ ದೇಶದವರು ಪ್ರೀತಿಯಿಂದ ಕಳಿಸಿದ ಡಬ್ಬಿ ಮೀನನ್ನು ಬೆಕ್ಕು ಕೂಡ ಮೂಸಿ ಹಿಂದೆ ಸರಿದದ್ದು, ಎಲ್ಲ ಹೇಳಿದಳು. ಕೊನೆಗೆ ಆ ಹುಡುಗಿ, "ಆ ವರ್ಷ ನಿಮ್ಮನ್ನ ಅತಿ ಹೆಚ್ಚು ಕಾಡಿದ್ದು ಯಾವುದು? ಹಸಿವಾ, ಚಳಿಯಾ?" ಎಂದು ಕೇಳಿದಳು. "ಚಳಿ" ಎಂದಳು ನೆಸ್ಟಾ.

ಹಸಿ ಸುಳ್ಳು. ಆ ವರ್ಷವೂ, ಅದರ ಹಿಂದಿನ ಅಷ್ಟೂ ವರ್ಷವೂ ನೆಸ್ಟಾಳನ್ನು ಕಾಡಿದ್ದು ಹೊಟ್ಟೆಕಿಚ್ಚು. ಅದೂ ಇನ್ನೊಬ್ಬ ಹೆಂಗಸಿನ ಮೇಲಾಗಿದ್ದರೆ ನಾಲ್ಕು ಜನರ ಮುಂದೆ ಅತ್ತುಕೊಂಡು ಹೇಳಬಹುದಿತ್ತು. ಅವಳ ಹೊಟ್ಟೆ ಉರಿಯುತ್ತಿದ್ದದ್ದು ಗಂಡನ ಗೆಳೆಯ ಹೇಡನ್ ಮೇಲೆ. ಇದನ್ನು ಯಾರಿಗೆ ಹೇಳುವುದು? ಹೇಳಿದರೆ ನಗುತ್ತಾರೆ.

ಗಣಿಯಲ್ಲಿ ಒಬ್ಬನಿಗೊಬ್ಬ ಜೋಡಿ ಇರುತ್ತಾನೆ. ನೆಲದಡಿಯ ಕತ್ತಲಲ್ಲಿ ನಿನ್ನ ತಲೆಯ ಮೇಲಿನ ಕಲ್ಲನ್ನು ನಿನಗಿಂತ ಮೊದಲು ನೋಡುವವನು ಅವನು. ನೆಸ್ಟಾಳ ಗಂಡ ಎಮ್ಲಿನ್‌ಗೆ ಹದಿನೇಳನೇ ವಯಸ್ಸಿನಿಂದ ಹೇಡನ್ ಜೋಡಿ. ಕೆಳಗೆ ಒಂದೇ ಪಾಳಿ, ಮೇಲೆ ಬಂದರೆ ಒಂದೇ ಕ್ಲಬ್ಬು, ಶನಿವಾರ ಒಂದೇ ರಗ್ಬಿ ಆಟ, ಭಾನುವಾರ ಚಾಪೆಲ್‌ನಲ್ಲಿ ಹಾಡುವವರ ಸಾಲಿನಲ್ಲಿ ಪಕ್ಕಪಕ್ಕ. ಇಷ್ಟನ್ನೂ ನೆಸ್ಟಾ ಹೇಗೋ ನುಂಗಿಕೊಂಡಿದ್ದಳು. ನುಂಗಲಾಗದೆ ಗಂಟಲಲ್ಲಿ ನಿಂತದ್ದು ಗಂಡನ ಬೆನ್ನು.

ಪಾಳಿ ಮುಗಿಸಿದವರು ಗಣಿಯ ಸ್ನಾನದ ಮನೆಯಲ್ಲಿ ಸಾಲಾಗಿ ಬಿಸಿನೀರಿನ ಕೆಳಗೆ ನಿಲ್ಲುತ್ತಾರೆ. ಮುಖ, ಕೈ, ಕಾಲು ಅವರವರೇ ಉಜ್ಜಿಕೊಳ್ಳಬಹುದು, ಬೆನ್ನಿಗೆ ಮಾತ್ರ ಇನ್ನೊಬ್ಬರ ಕೈ ಬೇಕು. ಗೋಡೆಗೆ ಮುಖ ಮಾಡಿ ನಿಂತರಾಯಿತು, ಹಿಂದಿನಿಂದ ಯಾರೋ ಸೋಪು ಹಚ್ಚಿ ತಿಕ್ಕುತ್ತಾರೆ. ಆಮೇಲೆ ತಿರುಗಿ ಅವರ ಬೆನ್ನು ತಿಕ್ಕಬೇಕು. ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ಯಾರೂ ಇಲ್ಲವೆನ್ನುವುದಿಲ್ಲ. ಎಮ್ಲಿನ್‌ನ ಬೆನ್ನು ತಿಕ್ಕುತ್ತಿದ್ದವನು ಹೇಡನ್.

ನೆಸ್ಟಾಳ ಬಾಲ್ಯದಲ್ಲಿ ಹೀಗಿರಲಿಲ್ಲ. ಆಗ ಅಪ್ಪ ಮೈಯೆಲ್ಲ ಮಸಿಯಾಗಿಯೇ ಮನೆಗೆ ಬರುತ್ತಿದ್ದ. ಅಮ್ಮ ಒಲೆಯ ಮುಂದೆ ತಗಡಿನ ತೊಟ್ಟಿ ಇಟ್ಟು, ನೀರು ಹೊತ್ತು ಹೊತ್ತು ಸೊಂಟ ಮುರಿದುಕೊಂಡು, ಶಾಪ ಹಾಕುತ್ತಲೇ ಅವನ ಬೆನ್ನು ತೊಳೆಯುತ್ತಿದ್ದಳು. ಗಣಿಯಲ್ಲೇ ಸ್ನಾನದ ಮನೆ ಕಟ್ಟಿಸಿದಾಗ ಊರ ಹೆಂಗಸರೆಲ್ಲ ಬದುಕಿಕೊಂಡೆವು ಎಂದು ಕುಣಿದರು. ನೆಸ್ಟಾಗೆ ಮಾತ್ರ ಅಮ್ಮನ ಕೈ ಬೆನ್ನ ಮೇಲೆ ಓಡಾಡುವಾಗ ಅಪ್ಪ ಕಣ್ಣುಮುಚ್ಚಿ ಮೆಲ್ಲಗೆ ಮಾತಾಡುತ್ತಿದ್ದದ್ದೇ ಮನಸ್ಸಿನಲ್ಲಿ ಉಳಿಯಿತು. ಬೇರೆ ಹೊತ್ತಿನಲ್ಲಿ ಅವನು ಮಾತಾಡಿದ್ದನ್ನು ಅವಳು ಕಂಡಿರಲಿಲ್ಲ.

ಮದುವೆಯಾದ ಹೊಸದರಲ್ಲಿ ಎಮ್ಲಿನ್‌ನ ಬೆನ್ನ ಮೇಲೆ ನೀಲಿ ಗೆರೆಯೊಂದು ಕಂಡಿತು. "ಇದೇನೋ ಇದು?" ಎಂದು ಬೆರಳಾಡಿಸಿದಳು.

"ಕಲ್ಲು ಬಿದ್ದಿತ್ತು. ಗಾಯದೊಳಗೆ ಇದ್ದಲ ಧೂಳು ಕೂತ್ರೆ ಹಂಗೇ ನೀಲಿ ಉಳ್ಕೊಳ್ತದೆ. ನಾನೆಲ್ಲಿ ನೋಡಿದೀನಿ? ಹೇಡನ್ ಹೇಳ್ತಾನೆ, ನಮ್ಮೂರ ಹೊಳೆ ಥರಾನೇ ತಿರುಗಿಕೊಂಡು ಹೋಗ್ತದಂತೆ."

ಹೊಸ ಹಾಸಿಗೆಯಲ್ಲೂ ಹೇಡನ್! ನೆಸ್ಟಾ ಬೆರಳು ಹಿಂದಕ್ಕೆಳೆದುಕೊಂಡಳು. ತನ್ನ ಗಂಡನ ಮೈಯಲ್ಲಿ ಏನೇನಿದೆ ಎಂದು ಊರಲ್ಲಿ ಇನ್ನೊಬ್ಬನಿಗೆ ತನಗಿಂತ ಮೊದಲೇ ಗೊತ್ತು. ಅವಳಿಗೆ ಅಂದು ಹತ್ತಿದ ಕಿಚ್ಚು ಆಮೇಲೆ ಆರಲೇ ಇಲ್ಲ.

ಹೇಡನ್ ಏನೂ ಕೆಟ್ಟವನಲ್ಲ, ಅದೇ ಕಷ್ಟ. ಮದುವೆಯಾಗಿರಲಿಲ್ಲ, ಬಲಗೈಯ ಎರಡು ಬೆರಳು ಗಣಿಗೆ ಹೋಗಿದ್ದವು, ಬಾಯಿ ಮಾತ್ರ ಪೂರ್ತಿಯಾಗಿತ್ತು. ಪ್ರತಿ ಭಾನುವಾರ ಊಟಕ್ಕೆ ಇವರ ಮನೆಗೇ ಬರುತ್ತಿದ್ದ. ನೆಸ್ಟಾ ಕುರಿಮಾಂಸದ ಸಾರು ಬಡಿಸುವಾಗ ಅವನ ತಟ್ಟೆಗೆ ಹುಡುಕಿ ಹುಡುಕಿ ಮೂಳೆ ಹಾಕುತ್ತಿದ್ದಳು.

"ನೋಡೋ ಎಮ್ಲಿನ್, ನಿನ್ ಹೆಂಡ್ತಿಗೆ ನನ್ ಹಲ್ಲಿನ ಮೇಲೆ ಎಷ್ಟು ನಂಬಿಕೆ!" ಎಂದು ಅವನು ನಗುತ್ತಿದ್ದ. ಎಮ್ಲಿನ್ ನಗುತ್ತಿದ್ದ. ನೆಸ್ಟಾ ಪಾತ್ರೆಗಳನ್ನು ಸದ್ದು ಮಾಡಿ ಎತ್ತಿಡುತ್ತಿದ್ದಳು. ಅವರಿಗೆ ಮಕ್ಕಳಾಗಿರಲಿಲ್ಲ, ಎಮ್ಲಿನ್‌ನ ಮುದಿ ತಾಯಿ ಮೇಲಿನ ಕೋಣೆಯಿಂದ ಇಳಿಯುತ್ತಿರಲಿಲ್ಲ, ಮೇಜಿನ ಸುತ್ತ ಇದ್ದವರು ಈ ಮೂವರೇ.

ಮುಷ್ಕರ ಶುರುವಾಯಿತು. ಗಣಿಗಳನ್ನು ಮುಚ್ಚುತ್ತೇವೆಂದು ಸರ್ಕಾರ ಹೊರಟಾಗ ಕಣಿವೆಗೆ ಕಣಿವೆಯೇ ಕೆಲಸ ಬಿಟ್ಟು ಹೊರಬಂತು. ಇನ್ನಾದರೂ ಗಂಡ ಮನೆಯಲ್ಲಿರುತ್ತಾನೆ ಅಂದುಕೊಂಡಿದ್ದಳು ನೆಸ್ಟಾ. ಎಲ್ಲಿಯ ಮಾತು! ಬೆಳಕು ಹರಿಯುವ ಮೊದಲೇ ಹೇಡನ್ ಬಂದು ಕಿಟಕಿ ಬಡಿಯುತ್ತಿದ್ದ. ಇಬ್ಬರೂ ವ್ಯಾನು ಹತ್ತಿ ಯಾವ ಯಾವುದೋ ಗೇಟಿನ ಮುಂದೆ, ಕೆಲಸಕ್ಕೆ ಹೋಗುವವರನ್ನು ತಡೆಯುವ ಪಿಕೆಟಿಂಗ್ ಮಾಡಲು ಹೋಗುತ್ತಿದ್ದರು. ಒಂದೇ ಸಿಗರೇಟನ್ನು ಇಬ್ಬರೂ ಸೇದಿ, ಒಂದೇ ಪೊಲೀಸನ ಕೈಯಲ್ಲಿ ಇಬ್ಬರೂ ಒದೆ ತಿಂದು, ಮದುವೆ ದಿಬ್ಬಣದಿಂದ ಬಂದವರ ಹಾಗೆ ಹಾಡಿಕೊಂಡು ಬರುತ್ತಿದ್ದರು. ನೆಸ್ಟಾ ಊರ ಹಾಲ್‌ನಲ್ಲಿ ಅವರ ತಟ್ಟೆಗೆ ಡಬ್ಬಿಯ ಬೀನ್ಸ್ ಕಾಳು ಬಡಿಸುತ್ತಿದ್ದಳು. ಅಲ್ಲಿ ಮೂಳೆಯೂ ಇರಲಿಲ್ಲ.

ಚಳಿಗಾಲ ಬಂದಾಗ ಕಷ್ಟ ಮೈಮೇಲೆ ಬಂತು. ಗಣಿಯವರಿಗೆ ಪುಕ್ಕಟೆ ಸಿಗುತ್ತಿದ್ದ ಇದ್ದಲು ನಿಂತು ಹೋಗಿತ್ತು. ಎಮ್ಲಿನ್‌ನ ತಾಯಿ ಮೇಲಿನ ಕೋಣೆಯಲ್ಲಿ ಕೋಟು ಹಾಕಿಕೊಂಡೇ ಮಲಗುತ್ತಿದ್ದಳು. ಮುದುಕಿಯ ಕೆಮ್ಮು ಎದೆಗಿಳಿಯಿತು. ಎಮ್ಲಿನ್ ಮೊದಲು ಬೇಲಿ ಕಡಿದು ಉರಿಸಿದ, ಆಮೇಲೆ ಬಚ್ಚಲ ಬಾಗಿಲು ಬಿಚ್ಚಿ ಉರಿಸಿದ. ಜನವರಿಯಲ್ಲಿ ಮುದುಕಿ ಹೋಗಿಬಿಟ್ಟಳು. ಹೂಳುವಾಗ ಹೇಡನ್ ಶವಪೆಟ್ಟಿಗೆಗೆ ಹೆಗಲು ಕೊಟ್ಟ. ಅದಾಗಿ ಕೆಲವೇ ದಿನಕ್ಕೆ ಎಮ್ಲಿನ್ ಹಾಸಿಗೆಯ ಅಂಚಿನಲ್ಲಿ ಕೂತು, "ನಾನು ಕೆಲಸಕ್ಕೆ ಹೋಗ್ತೀನಿ" ಎಂದ.

ಊರವರು ಆಮೇಲೆ ಹೆಂಡತಿಯೇ ತಲೆ ಕೆಡಿಸಿ ಕಳಿಸಿದಳು ಎಂದರು. ಅವಳು ಕಳಿಸಲಿಲ್ಲ. ತಡೆಯಲೂ ಇಲ್ಲ. ಎಮ್ಲಿನ್ ಆ ಮಾತಾಡಿದ ಕ್ಷಣ ನೆಸ್ಟಾಳ ತಲೆಗೆ ಬಂದದ್ದು ಸಂಘವೂ ಅಲ್ಲ, ಊರೂ ಅಲ್ಲ. ಇನ್ನು ಹೇಡನ್ ಈ ಹೊಸಿಲು ತುಳಿಯುವುದಿಲ್ಲ ಎಂಬುದು ಬಂತು. ಎದ್ದು ಗಂಡನ ಬುತ್ತಿಡಬ್ಬಿಯ ಧೂಳು ಒರೆಸಿದಳು.

ಕಿಟಕಿಗಳಿಗೆ ಜಾಲರಿ ಹೊಡೆದ ಬಸ್ಸು ಎಮ್ಲಿನ್‌ನನ್ನು ಗೇಟಿನ ಒಳಗೆ ಒಯ್ದಿತು. ಊರೆಲ್ಲ ನಿಂತು ಕೂಗಿತು, ಉಗಿಯಿತು. ಹೇಡನ್ ಕೂಗಲಿಲ್ಲವಂತೆ. ಬಸ್ಸು ಹತ್ತಿರ ಬಂದಾಗ ಬೆನ್ನು ತಿರುಗಿಸಿ ನಿಂತನಂತೆ. ಸಂಜೆಗೆ ಅವರ ಮನೆಯ ಗೋಡೆಯ ಮೇಲೆ ಬಿಳಿ ಬಣ್ಣದಲ್ಲಿ ದ್ರೋಹಿ ಎಂದು ಬರೆದಿತ್ತು. ಅಂದಿನಿಂದ ಊರಲ್ಲಿ ಯಾರೂ ಅವನನ್ನು ಹೆಸರು ಹಿಡಿದು ಕರೆಯಲಿಲ್ಲ. ಮಾಂಸದಂಗಡಿಯಲ್ಲಿ ಬೆರಿಲ್ ಎಂಬ ಪಕ್ಕದ ಬೀದಿಯವಳು, ನೆಸ್ಟಾಗೆ ಕೇಳಲೆಂದೇ, "ತಾಯಿ ಸತ್ತಿದ್ದು ಅವನೊಬ್ಬನಿಗೇನಾ? ನಮ್ಮತ್ತೆಯೂ ಸತ್ತಳು. ನಮ್ಮನೆಯವರು ಹಿಂಗೆ ಮುಖಕ್ಕೆ ಮಸಿ ಬಳ್ಕೊಂಡ್ರಾ?" ಎಂದಳು. ಅಂಗಡಿಯವನು ನೆಸ್ಟಾಳನ್ನು ಕೊನೆಯವರೆಗೆ ನಿಲ್ಲಿಸಿ ಒಣಕಲು ತುಂಡು ಕೊಟ್ಟ.

ಮುಷ್ಕರ ಮಾರ್ಚ್‌ನಲ್ಲಿ ಸೋತಿತು. ಸೋತವರು ಬ್ಯಾಂಡು ಬಾರಿಸಿಕೊಂಡು, ಸಂಘದ ಬಾವುಟ ಹಿಡಿದು, ಗೆದ್ದವರಂತೆ ಗೇಟಿನೊಳಗೆ ನಡೆದರು. ಅದುವರೆಗೆ ಇದ್ದಲು ಕಡಿಯುವಷ್ಟು ಜನವಿಲ್ಲದೆ ಎಮ್ಲಿನ್ ಮೇಲೆಯೇ ಅಂಗಳ ಗುಡಿಸಿಕೊಂಡಿದ್ದ, ಅಂದು ಮತ್ತೆ ಗಣಿಗಿಳಿದು ಪಾಳಿ ಮುಗಿಸಿ ಬಂದು ಮಲಗಿದ. ಬೆಳಿಗ್ಗೆ ಹಾಸಿಗೆ ಎತ್ತುವಾಗ ನೆಸ್ಟಾ ನೋಡಿದಳು: ಬಿಳಿ ಚಾದರದ ಮೇಲೆ ಒಂದು ಕರಿಯ ಬೆನ್ನು, ಭುಜದಿಂದ ಸೊಂಟದವರೆಗೆ ಅಚ್ಚೊತ್ತಿದಂತೆ ಬಿದ್ದಿತ್ತು.

ಅವಳಿಗೆ ತಿಳಿಯಿತು. ಗಣಿಯ ಊರಲ್ಲಿ ಹುಟ್ಟಿ ಬೆಳೆದ ಯಾವ ಹೆಂಗಸಿಗೂ ತಿಳಿಯುತ್ತಿತ್ತು. ಅವನು ಗೋಡೆಗೆ ಮುಖ ಮಾಡಿ ನಿಂತಿದ್ದಾನೆ, ಯಾರ ಕೈಯೂ ಬಂದಿಲ್ಲ.

ಮಾರನೆಯ ದಿನ ಅವನು ಬರುವ ಹೊತ್ತಿಗೆ ಒಲೆಯ ಮುಂದೆ ಸ್ಟೂಲು ಹಾಕಿ, ಬೋಗುಣಿಯಲ್ಲಿ ಬಿಸಿನೀರು ಇಟ್ಟಿದ್ದಳು. "ಅಂಗಿ ಬಿಚ್ಚು" ಎಂದಳು.

"ಬೇಡ ಬಿಡೆ."

"ಚಾದರ ಒಗೆಯೋಳು ನಾನು. ಬಿಚ್ಚು."

ಅವನು ಬಿಚ್ಚಿ ಕೂತ. ನೆಸ್ಟಾ ಒರಟು ಬಟ್ಟೆಗೆ ಸೋಪು ಹಚ್ಚಿ ಕತ್ತಿನಿಂದ ಶುರುಮಾಡಿದಳು. ಕಪ್ಪು ನೀರು ಇಳಿದು ನೀಲಿ ಗೆರೆ ಕಾಣಿಸಿತು. ಊರು ಉಗಿಯುತ್ತಿತ್ತು, ಗೋಡೆಯ ಮೇಲಿನ ಬಣ್ಣ ಎಷ್ಟು ತಿಕ್ಕಿದರೂ ಹೋಗಿರಲಿಲ್ಲ, ಗಂಡನ ತಲೆ ಎದೆಗೆ ಬಿದ್ದಿತ್ತು. ಇಷ್ಟೆಲ್ಲದರ ನಡುವೆ ನೆಸ್ಟಾ ಸುಖವಾಗಿದ್ದಳು. ಹೇಳಿಕೊಳ್ಳಲು ನಾಚಿಕೆಯಾಗುವಷ್ಟು ಸುಖವಾಗಿದ್ದಳು. ಬೆನ್ನು ಕೊನೆಗೂ ಮನೆಗೆ ಬಂದಿತ್ತು.

ಬರಬರುತ್ತ ಎಮ್ಲಿನ್ ಮಾತಾಡತೊಡಗಿದ, ಅವಳಪ್ಪನ ಹಾಗೆಯೇ, ಒಲೆ ನೋಡುತ್ತ, ಮೆಲ್ಲಗೆ. ಇದಕ್ಕಾಗಿಯೇ ಅವಳು ಅಷ್ಟು ವರ್ಷ ಕಾದದ್ದು. ಆದರೆ ಆ ಮಾತೆಲ್ಲ ಯಾರ ಬಗ್ಗೆ?

"ಇವತ್ತು ಹೇಡನ್ ಕೆಮ್ತಾ ಇದ್ದ. ಅವನ ಹೊಸ ಜೋಡಿ ಎಡಗಡೆ ಮೇಲಿನ ಕಲ್ಲು ನೋಡೋದೇ ಇಲ್ಲ, ಪೆದ್ದು ಮುಂಡೇದು. ಹೇಡನ್‌ಗೆ ಎಡಗಿವಿ ಮಂದ ಅಂತ ಅವನಿಗೆ ಯಾರು ಹೇಳ್ಬೇಕು?"

"ಹೇಡನ್ ಬುತ್ತೀಲಿ ಬರೀ ಬ್ರೆಡ್ಡು ಇತ್ತು ಕಣೇ. ಬೆಣ್ಣೇನೂ ಇರ್ಲಿಲ್ಲ."

ಬೇಸಿಗೆಯಿಡೀ ಇದೇ ಪುರಾಣ. ಹೊಸಿಲು ತುಳಿಯದವನು ಬೋಗುಣಿಯ ಪಕ್ಕದಲ್ಲೇ ಬಂದು ಕೂತಿದ್ದ. ನೆಸ್ಟಾ ಚರ್ಮ ಕೆಂಪಾಗುವಷ್ಟು ತಿಕ್ಕುತ್ತಿದ್ದಳು. "ಮೆಲ್ಲಗೆ ಕಣೇ, ಹೇಡನ್ ಇಷ್ಟು ಜೋರಾಗಿ ಉಜ್ತಿರಲಿಲ್ಲ" ಎನ್ನುತ್ತಿದ್ದ ಎಮ್ಲಿನ್. ಅವನಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಗಂಡಸರಿಗೆ ಇಂಥದ್ದು ಗೊತ್ತಾಗುವುದೇ ಇಲ್ಲ.

ಸೆಪ್ಟೆಂಬರಿನ ಒಂದು ಮಧ್ಯಾಹ್ನ ಎಮ್ಲಿನ್ ಮನೆಗೆ ಬಂದ. ನೆಸ್ಟಾ ಎಂದಿನಂತೆ ನೀರು ಇಟ್ಟಿದ್ದಳು. ಅವನು ಅಂಗಿ ಬಿಚ್ಚದೆ ಬಾಗಿಲಲ್ಲೇ ನಿಂತ. ಅವನ ಮುಖ ನೋಡಿ ಅವಳು ಹೆದರಿದಳು. ಅಷ್ಟು ಸಂತೋಷ ಆ ಮುಖದಲ್ಲಿ ಅವಳು ಕಂಡು ಎಷ್ಟೋ ಕಾಲವಾಗಿತ್ತು.

"ಇವತ್ತು ನೀರು ಬೇಡ" ಎಂದ.

ಅವಳೇ ಹೋಗಿ ಅವನ ಅಂಗಿ ಮೇಲಕ್ಕೆತ್ತಿ ನೋಡಿದಳು. ಬೆನ್ನು ಬೆಳ್ಳಗಿತ್ತು, ಸೊಂಟದ ಪಟ್ಟಿಯವರೆಗೂ.

"ಯಾರು ತೊಳೆದದ್ದು?"

"ನಾನು ತಿರುಗಿ ನೋಡ್ಲಿಲ್ಲ. ತಿರುಗಿದ್ರೆ ಎಲ್ಲಿ ಕೈ ತೆಗೆದುಬಿಡ್ತಾನೋ ಅಂತ. ಮುಗಿದಮೇಲೆ ತಿರುಗೋಷ್ಟ್ರಲ್ಲಿ ಹೊರಟುಹೋಗಿದ್ದ, ಅವನ ಬೆನ್ನು ತೊಳೆಯೋಕೂ ಬಿಡ್ಲಿಲ್ಲ." ಎಮ್ಲಿನ್ ಚಿಕ್ಕ ಹುಡುಗನಂತೆ ನಕ್ಕ. "ಮೂರೇ ಬೆರಳು ಕಣೇ ನೆಸ್ಟಾ. ಮೂರು ಬೆರಳಿನ ಕೈ."

ನೆಸ್ಟಾ ಬೋಗುಣಿ ಎತ್ತಿಕೊಂಡು ಹಿತ್ತಲಿಗೆ ಹೋಗಿ ನೀರು ಚೆಲ್ಲಿದಳು. ಆರು ತಿಂಗಳು ದಿನಾ ತೊಳೆದವಳು ಅವಳು. ಮೂರು ಬೆರಳು ಒಮ್ಮೆ ಆಡಿಸಿ ಹೋದವನಿಗೆ ಆ ನಗು.

ಅದಾಗಿ ಎರಡು ದಿನಕ್ಕೆ, ಎಮ್ಲಿನ್ ತನ್ನ ತರಕಾರಿ ಮಡಿಯಲ್ಲಿ ಈರುಳ್ಳಿ ಜಾತಿಯ ಲೀಕ್ ಗಿಡಗಳಿಗೆ ಮಣ್ಣು ಏರಿಸಲು ಹೋಗಿದ್ದಾಗ, ಬಾಗಿಲು ತಟ್ಟಿದ ಸದ್ದಾಯಿತು. ತೆರೆದರೆ ಹೇಡನ್. ಟೋಪಿ ಕೈಯಲ್ಲಿತ್ತು. ಎದುರು ಮನೆಯ ಪರದೆ ಆಗಲೇ ಅಲುಗಾಡುತ್ತಿತ್ತು.

"ಇದಾನಾ?" ಎಂದ.

"ಇದಾನೆ" ಎಂದಳು ನೆಸ್ಟಾ. ಆ ಸುಳ್ಳು ಎಲ್ಲಿಂದ ಬಂತೋ, ಬಾಯಿಗೆ ಬೆಣ್ಣೆಯಂತೆ ಬಂತು. "ಒಳಗಿದಾನೆ. ನಿನ್ನ ಮುಖ ನೋಡಲ್ವಂತೆ."

"ಅವನೇ ಅಂದ್ನಾ?"

"ಮತ್ತೆ ನಾನು ಅಂದೆನಾ? ಮೊನ್ನೆ ನೀನು ಮುಟ್ಟಿದ ಜಾಗಾನ ಮನೆಗೆ ಬಂದು ಇನ್ನೊಂದ್ಸಲ ತೊಳೆಸ್ಕೊಂಡ. ಇಷ್ಟು ದಿನ ಉಗಿದವರ ಕೈ ನನಗೆ ಬೇಡ ಅಂದ."

ಹೇಡನ್ ಅವಳನ್ನು ನೋಡಿದ. ಟೋಪಿಯನ್ನು ಒಂದು ಸುತ್ತು ತಿರುಗಿಸಿದ. "ಸರಿ ಹಂಗಾದ್ರೆ" ಎಂದು ತಲೆಗೆ ಹಾಕಿಕೊಂಡು ಇಳಿಜಾರಿನಲ್ಲಿ ನಡೆದುಹೋದ. ಇನ್ನೊಂದು ಮಾತು ಕೇಳುತ್ತಾನೆ, ಜಗಳ ತೆಗೆಯುತ್ತಾನೆ, ತಳ್ಳಿಕೊಂಡು ಒಳಗೆ ನುಗ್ಗುತ್ತಾನೆ ಎಂದು ನೆಸ್ಟಾ ಬಾಗಿಲಿಗೆ ಅಡ್ಡ ಕೈ ಇಟ್ಟಿದ್ದಳು. ಅದರ ಅಗತ್ಯವೇ ಬರಲಿಲ್ಲ.

ಗೆದ್ದೆ ಅಂದುಕೊಂಡಳು. ಬೆನ್ನು ಮತ್ತೆ ಕಪ್ಪಾಗಿ ಬರತೊಡಗಿತು, ಬೋಗುಣಿ ಮತ್ತೆ ಒಲೆಯ ಮುಂದೆ ಬಂತು. ಆದರೆ ಅದರಲ್ಲಿ ಸುಖ ಉಳಿದಿರಲಿಲ್ಲ. ಎಮ್ಲಿನ್ ಈಗ ಸ್ನಾನದ ಮನೆಯಿಂದ ಎಲ್ಲರಿಗಿಂತ ಕೊನೆಗೆ ಹೊರಬರುತ್ತಿದ್ದ.

"ಇವತ್ತು ನನ್ನಿಂದ ಎರಡನೇ ನಲ್ಲೀಲಿದ್ದ ಕಣೇ. ಜನ ಜಾಸ್ತಿ ಇದ್ರು, ಅದಕ್ಕೇ ಬರ್ಲಿಲ್ಲ" ಎನ್ನುತ್ತಿದ್ದ. ಇನ್ನೊಂದು ದಿನ, "ನಾಳೆ ಬರಬಹುದು. ನಾಳೆ ಶುಕ್ರವಾರ, ಎಲ್ಲ ಬೇಗ ಕ್ಲಬ್ಬಿಗೆ ಓಡ್ತಾರೆ" ಎನ್ನುತ್ತಿದ್ದ. ನೀರು ತಣ್ಣಗಾಗುವವರೆಗೆ ಗೋಡೆಗೆ ಮುಖ ಮಾಡಿ ನಿಂತು ಬರುತ್ತಿದ್ದ. ಅವನ ಚರ್ಮ ಮುಟ್ಟಿದರೆ ತಣ್ಣಗಿರುತ್ತಿತ್ತು.

ನೆಸ್ಟಾಗೆ ಇದನ್ನು ನೋಡಲಾಗಲಿಲ್ಲ. ಕರುಣೆ ಬಂತು ಎಂದರೆ ಅರ್ಧ ಸುಳ್ಳಾಗುತ್ತದೆ. ತನ್ನ ಕೈ ಬೆನ್ನ ಮೇಲಿರುವಾಗ ಅವನು ಇನ್ನೊಂದು ಕೈಗೆ ಕಾಯುತ್ತಿದ್ದಾನಲ್ಲ, ಅದು ಅವಳಿಗೆ ಸಹಿಸಲಾಗಲಿಲ್ಲ. ಹಗಲೂ ರಾತ್ರಿ ಬಾಯಲ್ಲಿ ಅವನೇ ಇರುವುದಾದರೆ ಬಂದು ಎದುರಿಗೇ ಕೂರಲಿ, ಮೂಳೆಯಾದರೂ ಹಾಕುತ್ತೇನೆ ಎಂದು ಸಿಟ್ಟಿನಲ್ಲಿ ಒಂದು ಶುಕ್ರವಾರ ಸಂಜೆ ಕೋಟು ತೊಟ್ಟು ಕ್ಲಬ್ಬಿಗೆ ಹೊರಟಳು.

ಕ್ಲಬ್ಬಿನ ಬಾರಿಗೆ ಹೆಂಗಸರು ಹೋಗುವಂತಿರಲಿಲ್ಲ. ಮುಷ್ಕರದ ವರ್ಷ ಇಡೀ ಊರಿಗೆ ಅನ್ನ ಹಾಕಿದವರು ಹೆಂಗಸರೇ, ಆದರೂ ಆ ಬಾಗಿಲು ಮಾತ್ರ ಹಾಗೇ ಇತ್ತು. ನೆಸ್ಟಾ ಅದನ್ನು ತಳ್ಳಿಕೊಂಡು ಒಳಗೆ ಹೋಗಿ ನಿಂತಳು.

"ಹೆಂಗಸರಿಗೆ ಪಕ್ಕದ ಕೋಣೆ ಇದೆಯಲ್ಲಮ್ಮ" ಎಂದ ಗ್ಲಾಸು ಒರೆಸುತ್ತಿದ್ದವನು.

"ಕರಿಬೆನ್ನಿನವನ ಹೆಂಡ್ತಿ ಕಣ್ರೋ! ಸೋಪು ಸಾಲ ಕೇಳೋಕೆ ಬಂದಿರ್ಬೇಕು" ಎಂದಿತು ಒಂದು ದನಿ. ನಗು ಎದ್ದಿತು.

"ಹೇಡನ್, ಹೊರಗೆ ಬಾ" ಎಂದಳು ನೆಸ್ಟಾ. "ಬರ್ದಿದ್ರೆ ಇಲ್ಲೇ ಹೇಳ್ತೀನಿ, ಎಲ್ಲಾರೂ ಕೇಳಿಸ್ಕೊಳ್ಳಲಿ."

ಹೇಡನ್ ಗ್ಲಾಸು ಬಿಟ್ಟು ಎದ್ದುಬಂದ. ಕ್ಲಬ್ಬಿನ ಪಕ್ಕದ ಓಣಿಯಲ್ಲಿ ಖಾಲಿ ಪೀಪಾಯಿಗಳ ನಡುವೆ ಇಬ್ಬರೂ ನಿಂತರು.

"ನಾನು ಅವತ್ತು ಸುಳ್ಳು ಹೇಳ್ದೆ. ಅವನು ಅಂಥ ಮಾತು ಆಡ್ಲಿಲ್ಲ. ನೀನು ಬಂದದ್ದೇ ಅವನಿಗೆ ಗೊತ್ತಿಲ್ಲ. ಮನೇಲೂ ಇರ್ಲಿಲ್ಲ."

"ಗೊತ್ತು" ಎಂದ ಹೇಡನ್.

"ಏನು ಗೊತ್ತು?"

"ಸುಳ್ಳು ಅಂತ. ಇಷ್ಟು ವರ್ಷ ಅವನ ಪಕ್ಕದಲ್ಲಿ ಇದ್ದಲು ಕಡಿದಿದೀನಿ ತಾಯಿ. ಆ ಬಾಯಲ್ಲಿ ಅಂಥ ಮಾತು ಹುಟ್ಟುತ್ತಾ? ಅದು ನಿಂದೇ ಅಂತ ಅವತ್ತೇ ಗೊತ್ತಾಯ್ತು."

"ಮತ್ಯಾಕೆ ಬಾಲ ಮುದುರಿಕೊಂಡು ಹೋದೆ? ನನ್ನ ತಳ್ಳಿ ಒಳಗೆ ಬರೋಕೆ ಏನಾಗಿತ್ತು ನಿನಗೆ?"

ಹೇಡನ್ ಪೀಪಾಯಿಯೊಂದರ ಮೇಲೆ ಕೂತು ಹೇಳಿದ. "ಅವನ ಬೆನ್ನು ಯಾಕೆ ತೊಳೆದೆ ಅಂತ ನನಗೇ ಗೊತ್ತಿಲ್ಲ. ಎದುರಿಗಿತ್ತು, ಕೈ ತಾನಾಗೇ ಹೋಯ್ತು. ಮಾರನೇ ದಿನ ನಾನು ಗೋಡೆಗೆ ಮುಖ ಮಾಡಿ ನಿಂತೆ. ಯಾರೂ ಬರ್ಲಿಲ್ಲ. ನನ್ನ ಹೊಸ ಜೋಡೀನೂ ಬರ್ಲಿಲ್ಲ. ಹಿಂದೆ ಎಲ್ಲ ನಿಂತು ನೋಡ್ತಾ ಇದಾರೆ ಅಂತ ಗೊತ್ತಾಗ್ತಿತ್ತು. ಹಂಗೇ ಕರಿಬೆನ್ನು ಹೊತ್ಕೊಂಡು ಮನೆಗೆ ಹೋಗಿ, ಒಬ್ಬನೇ ಕನ್ನಡೀಲಿ ನೋಡ್ಕೊಂಡು ಅತ್ತೆ. ಒಂದು ದಿನ ಕಣೇ ನೆಸ್ಟಾ. ಅವನು ಮಾರ್ಚ್‌ನಿಂದ ತಡ್ಕೊಂಡಿದಾನೆ. ನನ್ನ ಕೈಲಿ ಒಂದು ದಿನ ಆಗ್ಲಿಲ್ಲ."

"ಹಂಗಾದ್ರೆ ನಮ್ಮನೆಗೆ ಯಾಕೆ ಬಂದೆ?"

"ಇನ್ನು ನನ್ನ ದಾರಿ ಕಾಯಬೇಡ ಅಂತ ಹೇಳೋಕೆ ಬಂದೆ. ಮುಖ ನೋಡಿ ಹೇಳೋದು ಹೆಂಗೆ ಅಂತ ದಾರಿಯುದ್ದಕ್ಕೂ ಬೆವರ್ತಾ ಇದ್ದೆ. ನೀನು ಬಾಗಿಲಲ್ಲೇ ಆ ಸುಳ್ಳು ಹೇಳ್ದೆ. ಹೋದ ಉಸಿರು ಬಂದ ಹಂಗಾಯ್ತು ನನಗೆ." ಅವನು ಎದ್ದು ನಿಂತ. "ನಾಳೆ ಸ್ವಿಂಡನ್‌ಗೆ ಹೊರಟೆ, ಅಕ್ಕನ ಮನೆಗೆ. ಗಣಿ ಬಿಟ್ಟುಬಿಟ್ಟೆ. ಅವನಿಗೆ ಏನು ಹೇಳ್ತೀಯೋ ನಿನಗೆ ಬಿಟ್ಟದ್ದು."

ನೆಸ್ಟಾ ಮನೆಯ ಕಡೆ ನಡೆಯುವಾಗ ಅವಳ ಕಾಲು ನೆಲದ ಮೇಲಿರಲಿಲ್ಲ. ಇಷ್ಟು ವರ್ಷ ಅವಳು ಹುಡುಕುತ್ತಿದ್ದದ್ದು ಕೈಗೆ ಸಿಕ್ಕಿತ್ತು. ಹೇಡನ್‌ನ ಸ್ನೇಹದ ಬೆಲೆ ಒಂದು ದಿನದ ಮಸಿ! ತಾನು ಆರು ತಿಂಗಳು ಊರಿನ ಉಗುಳು ಒರೆಸಿಕೊಂಡಳು, ಅವನು ಒಂದು ದಿನ ತಡೆಯಲಿಲ್ಲ. ಇದೊಂದನ್ನು ಹೇಳಿದರೆ ಸಾಕು, ಎಮ್ಲಿನ್‌ನ ಬಾಯಿಂದ ಆ ಹೆಸರು ಇನ್ನೆಂದೂ ಬರುವುದಿಲ್ಲ. ಶನಿವಾರ, ಭಾನುವಾರ ಆ ಮಾತನ್ನು ಹಬ್ಬದ ಸೀರೆಯಂತೆ ಮಡಿಚಿಟ್ಟುಕೊಂಡು ಓಡಾಡಿದಳು.

ಸೋಮವಾರ ಮಧ್ಯಾಹ್ನ ಎಮ್ಲಿನ್ ಬಂದು ಸ್ಟೂಲಿನ ಮೇಲೆ ಕೂತ. ಅವಳು ಹೇಳದೆಯೇ ಅಂಗಿ ಬಿಚ್ಚಿದ. ಬೆನ್ನು ಕರ್ರಗಿತ್ತು.

"ಹೇಡನ್ ಊರು ಬಿಟ್ಟು ಹೋದನಂತೆ" ಎಂದ.

"ಹೂಂ" ಎಂದಳು ನೆಸ್ಟಾ. ಬಟ್ಟೆಗೆ ಸೋಪು ಹಚ್ಚಿದಳು.

"ಒಂದು ಮಾತೂ ಹೇಳ್ದೆ ಹೋದ. ಅವತ್ತು ಯಾರ ಬೆನ್ನು ಅಂತ ನೋಡಿರಲಿಕ್ಕಿಲ್ಲ ಬಿಡು. ಅಲ್ಲಿ ಹಬೆ ತುಂಬ್ಕೊಂಡಿರ್ತದೆ. ಬೇರೆ ಯಾರೋ ಅಂದ್ಕೊಂಡು ತೊಳೆದಿದಾನೆ, ಗೊತ್ತಾದ ತಕ್ಷಣ ಓಡಿಹೋಗಿದಾನೆ. ನಾನೊಬ್ಬ ಪೆದ್ದ, ದಿನಾ ಗೋಡೆ ನೋಡ್ಕೊಂಡು ನಿಂತಿದ್ದೆ." ಅವನ ಭುಜ ಅಲುಗಿತು. "ಇಪ್ಪತ್ತು ವರ್ಷ ಕಣೇ. ಒಂದು ಮಾತು ಬೇಡ್ವಾ?"

ಈಗ, ಎಂದುಕೊಂಡಳು ನೆಸ್ಟಾ. ಮಾತು ನಾಲಗೆಯ ತುದಿಯಲ್ಲಿತ್ತು. ಗಂಡನ ಕತ್ತಿನ ಹಿಂಭಾಗ ನೋಡಿದಳು. ಅಲ್ಲಿ ಎರಡು ಎಲುಬು ಎದ್ದು ಕಾಣುತ್ತಿದ್ದವು, ಮುಷ್ಕರದ ಚಳಿಗಾಲದಲ್ಲೂ ಅಷ್ಟು ಕಂಡಿರಲಿಲ್ಲ. ತಾಯಿ ಹೋದಾಗಲೂ ಇವನು ಹೀಗೆ ಕೂತಿರಲಿಲ್ಲ.

"ಅವನು ಬಂದಿದ್ದ" ಎಂದಳು.

ಎಮ್ಲಿನ್ ತಿರುಗಿದ.

"ಮನೆಗೇ ಬಂದಿದ್ದ. ನೀನು ತೋಟದಲ್ಲಿದ್ದೆ. ನಾನೇ ಬಾಗಿಲಲ್ಲಿ ನಿಲ್ಲಿಸಿ ಕಳಿಸಿಬಿಟ್ಟೆ. ನಿನ್ನ ಮುಖ ಕಂಡ್ರೆ ಅವನಿಗಾಗಲ್ಲ, ಮತ್ತೆ ಈ ಕಡೆ ಬರಬೇಡ ಅಂದೆ. ನೀನೇ ಹಂಗೆ ಅಂದೆ ಅಂತ ಹೇಳ್ದೆ."

"ಯಾಕೆ?"

"ಹೊಟ್ಟೆಕಿಚ್ಚು" ಎಂದಳು ನೆಸ್ಟಾ. ಅಷ್ಟು ವರ್ಷದ ಮಾತು ಎಷ್ಟು ಸಲೀಸಾಗಿ ಹೊರಬಂತು ಎಂದು ಅವಳಿಗೇ ಆಶ್ಚರ್ಯವಾಯಿತು. "ಅವನನ್ನ ಕಂಡ್ರೆ ನನಗೆ ಮೊದಲಿಂದ ಹೊಟ್ಟೆಕಿಚ್ಚು."

"ಅವನು ಏನಂದ? ಬಂದವನು ಏನಂದ?"

ಉಳಿದದ್ದನ್ನು ಅವಳು ಅಲ್ಲೇ ನಿಂತು ಹೆಣೆಯಬೇಕಾಯಿತು. "ಒಟ್ಟಿಗೆ ಕ್ಲಬ್ಬಿಗೆ ಹೋಗೋಣ ಅಂತ ಬಂದೆ ಅಂದ. ಎಲ್ಲರ ಮುಂದೆ ಅವನನ್ನ ನನ್ನ ಪಕ್ಕದಲ್ಲಿ ಕೂರಿಸ್ಕೊಳ್ತೀನಿ, ಯಾರು ಏನಂತಾರೋ ನೋಡ್ತೀನಿ ಅಂದ. ನಾನು ಹಂಗಂದ ಮೇಲೆ ಮುಖ ಸಣ್ಣ ಮಾಡ್ಕೊಂಡು ಹೋದ. ಅದಕ್ಕೇ ಊರು ಬಿಟ್ಟಿರ್ಬೇಕು."

ಎಮ್ಲಿನ್‌ನ ಮುಖ ಮೆಲ್ಲಗೆ ಅರಳಿತು. ಅವಳು ಅದನ್ನು ಪೂರ್ತಿ ನೋಡಬೇಕಾಯಿತು. ಅವಳಿಗಾಗಿ ಆ ಮುಖ ಎಂದೂ ಅಷ್ಟು ಅರಳಿರಲಿಲ್ಲ. ಈಗಲೂ ಅವಳ ಒಳಗೆಲ್ಲ ಉರಿಯಿತು, ನಿಜ ಹೇಳಿಬಿಡು ಎಂದು ಮೈಯೆಲ್ಲ ಕೂಗಿತು. ಅವಳು ಹಲ್ಲು ಕಚ್ಚಿಕೊಂಡಳು.

ಆಮೇಲೆ ಅವನ ಕಣ್ಣು ಅವಳ ಮೇಲೆ ಬಿತ್ತು, ಅರಳಿದ್ದೆಲ್ಲ ಆರಿಹೋಯಿತು. ಎಮ್ಲಿನ್ ಎದ್ದು, ಮಸಿ ಬೆನ್ನಿನ ಮೇಲೆಯೇ ಅಂಗಿ ಹಾಕಿಕೊಂಡ. ಗುಂಡಿಗಳನ್ನು ಒಂದೊಂದಾಗಿ ಹಾಕಿದ.

"ಇನ್ನು ನನ್ನ ಬೆನ್ನು ಮುಟ್ಟಬೇಡ" ಎಂದ.

"ಸರಿ" ಎಂದಳು ನೆಸ್ಟಾ.

ಅವನು ಹಿತ್ತಲ ಬಾಗಿಲವರೆಗೆ ಹೋಗಿ ನಿಂತ. ಅವಳ ಕಡೆ ತಿರುಗಲಿಲ್ಲ.

"ಹೆಸರು ಹಿಡಿದು ಕೇಳಿದ್ನಾ?" ಎಂದ. "ಇಲ್ಲ, ಸುಮ್ನೆ ಇದಾನಾ ಅಂದ್ನಾ?"

"ಎಮ್ಲಿನ್ ಇದಾನಾ ಅಂದ" ಎಂದಳು ನೆಸ್ಟಾ. "ಹೆಸರು ಹಿಡಿದೇ ಕೇಳಿದ."